ಗೋಡೆ ನೋಡಿ ಬೋಲ್ಟು ತನ್ನಿ

ಹಿಂದೆ ನಮ್ಮ ಕಡೆ ಗೋಡೆಗೆ ಏನಾದರೂ ನೇತು ಹಾಕಬೇಕೆಂದರೆ ಗೋಡೆ ಕಟ್ಟುವಾಗಲೇ ಮರದ ಗೂಟ ಇಟ್ಟುಬಿಡುತ್ತಿದ್ದರು. ನೊಗ, ಲಾಂದ್ರ, ಬಿತ್ತನೆ ಕಾಳಿನ ಗಂಟು ಎಲ್ಲಕ್ಕೂ ಅದೇ ಗೂಟ. ಈಗ ಹಾಗಿಲ್ಲ. ಹುಳುಮನೆಗೆ ಅಟ್ಟಣೆ, ಕಿಟಕಿಗೆ ಊಜಿ ನೊಣದ ಪರದೆ, ಪಂಪ್‌ಮನೆಯಲ್ಲಿ ಸ್ಟಾರ್ಟರ್ ಬೋರ್ಡು, ಕೊಟ್ಟಿಗೆಯಲ್ಲಿ ಹಾಲು ಕರೆಯೋ ಮೆಷಿನ್ನಿನ ಪೈಪು, ಕಲ್ಲುಕಂಬಕ್ಕೆ ಗೇಟು, ಎಲ್ಲವೂ ಕಟ್ಟಿ ಮುಗಿದ ಮೇಲೆ ನೆನಪಾಗುತ್ತವೆ. ಆಗ ಡ್ರಿಲ್ ಯಾರ ಮನೆಯಲ್ಲಿದೆ ಅಂತ ಹುಡುಕಾಟ ಶುರು.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಒಂದು ಡಜನ್ ಆಂಕರ್ ಬೋಲ್ಟು ಕೊಡಣ್ಣ’ ಅಂದರೆ ಆತ ಕೇಳುವುದು ಒಂದೇ ಪ್ರಶ್ನೆ: ‘ಯಾವ ಸೈಜು?’ ಕೇಳಬೇಕಾದ್ದು ‘ಯಾವ ಗೋಡೆ?’ ಅಂತ. ಅವನಿಗೆ ಗೋಡೆ ಕಾಣುವುದಿಲ್ಲ, ನಮಗೆ ಕಾಣುತ್ತದೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ನಾವೇ ಮನೆಯಿಂದ ಹೊತ್ತುಕೊಂಡು ಹೋಗಬೇಕು.

ನಾನು ರಾಮನಗರ ತಾಲ್ಲೂಕಿನ ರೇಷ್ಮೆ ಬೆಳೆಗಾರ. ನಾವು ಐದು ಮನೆಯವರು ಸೇರಿ ಒಂದು ರೋಟರಿ ಹ್ಯಾಮರ್ ಕೊಂಡು ಹನ್ನೆರಡು ವರ್ಷವಾಯಿತು. ಮಾಗಡಿ, ಕನಕಪುರ, ಚನ್ನಪಟ್ಟಣ ಕಡೆಯ ನೆಂಟರ ಮನೆಗಳನ್ನೂ ಅದು ಸುತ್ತಿ ಬಂದಿದೆ. ಯಂತ್ರ ಹೋದ ಕಡೆ ನಾನೂ ಹೋಗುವುದು ರೂಢಿ. ಬೇರೆಯವರ ಕೈಗೆ ಕೊಟ್ಟರೆ ಬಿಟ್ಟು ವಾಪಸು ಬರುವುದಿಲ್ಲ ಅನ್ನೋದು ಒಂದು ಕಾರಣ. ಹೀಗೆ ಕೊರೆದು ಕೊರೆದು ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಧೂಳು ನೋಡಿ

ನಮ್ಮ ಊರುಗಳಲ್ಲಿ ಒಂದೇ ಬೀದಿಯಲ್ಲಿ ಐದಾರು ಥರದ ಗೋಡೆಗಳಿವೆ. ಸೈಜುಗಲ್ಲಿಗೆ ಸಿಮೆಂಟ್ ಗಾರೆ ಹಾಕಿದ್ದು, ಅಜ್ಜನ ಕಾಲದ ಮಣ್ಣುಗಾರೆಯ ಕಲ್ಲುಗೋಡೆ, ಸುಟ್ಟ ಇಟ್ಟಿಗೆಯದು, ಗಟ್ಟಿ ಸಿಮೆಂಟ್ ಬ್ಲಾಕಿನದು, ಪೊಳ್ಳು ಬ್ಲಾಕಿನದು (ಹಾಲೋ ಬ್ಲಾಕ್ ಅನ್ನುತ್ತಾರಲ್ಲ, ಅದು), ಮೌಲ್ಡ್ ಹಾಕಿದ ಮನೆಯ ಕಾಂಕ್ರೀಟು ಕಂಬ ಮತ್ತು ತೊಲೆ. ಗಿಲಾವು ಮಾಡಿ ಬಣ್ಣ ಹೊಡೆದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಕಟ್ಟಿದ ಮೇಸ್ತ್ರಿಗೂ ಹತ್ತು ವರ್ಷದ ಮೇಲೆ ನೆನಪಿರುವುದಿಲ್ಲ.

ಅದಕ್ಕೆ ಒಂದು ಪರೀಕ್ಷೆ ತೂತು ಹಾಕಿ. 5 ಅಥವಾ 6 ಮಿಲಿಮೀಟರ್ ಬಿಟ್ಟು ಸಾಕು. ಹ್ಯಾಮರ್ ಬೇಡ, ಬರೀ ತಿರುಗಿಸಿ. ಕೆಳಗೆ ಒಬ್ಬರು ಬಿಳಿ ಕಾಗದ ಹಿಡಿಯಲಿ. ಮೊದಲ ಅರ್ಧ, ಮುಕ್ಕಾಲು ಇಂಚು ಗಿಲಾವಿನ ಬೂದು ಪುಡಿ. ಅದು ಲೆಕ್ಕಕ್ಕಿಲ್ಲ. ಆಮೇಲೆ ಪುಡಿ ಕೆಂಪಾದರೆ ಇಟ್ಟಿಗೆ. ಬೂದು ಪುಡಿಯೇ ಮುಂದುವರಿದು, ಒಂದು ಒಂದೂವರೆ ಇಂಚು ಹೋದ ಮೇಲೆ ಬಿಟ್ಟು ದಡಕ್ಕನೆ ಒಳಕ್ಕೆ ಬಿದ್ದರೆ ಪೊಳ್ಳು ಬ್ಲಾಕು. ಬೂದು ಪುಡಿ ಒಂದೇ ಸಮನೆ ಬರುತ್ತಿದ್ದರೆ ಗಟ್ಟಿ ಬ್ಲಾಕು ಅಥವಾ ಕಾಂಕ್ರೀಟು. ಕಾಂಕ್ರೀಟಾದರೆ ಜಲ್ಲಿ ಸಿಕ್ಕಿದಾಗ ಬಿಟ್ಟು ನಿಂತು ನಿಂತು ಹೋಗುತ್ತದೆ. ಬಿಟ್ಟು ಮೇಲುಮೇಲೆ ಜಾರುತ್ತಾ, ಚಿಟಿಕೆಯಷ್ಟು ಬೆಳ್ಳನೆ ನುಣುಪು ಪುಡಿ ಬಂದರೆ ಕಲ್ಲು. ಕಂದು ಬಣ್ಣದ, ಮುಟ್ಟಿದರೆ ಮಣ್ಣಿನ ಹಾಗೇ ಇರುವ ಪುಡಿ ಬಂದರೆ ಕಲ್ಲುಗಳ ನಡುವಿನ ಮಣ್ಣುಗಾರೆಗೆ ಬಿದ್ದಿದ್ದೀರಿ, ಅಲ್ಲಿ ಏನು ಹೊಡೆದರೂ ನಿಲ್ಲದು. ಕಿರ್ರೆಂದು ಸದ್ದಾಗಿ ಹೊಳೆಯುವ ಚೂರು ಬಂದರೆ ಕಂಬಿ. ತಕ್ಷಣ ನಿಲ್ಲಿಸಿ, ಎರಡು ಇಂಚು ಆಚೆ ಹೋಗಿ.

ಒಂದು ಗೋಡೆಯಲ್ಲಿ ಒಂದೇ ಪರೀಕ್ಷೆ ಸಾಲದು. ಇಟ್ಟಿಗೆ ಗೋಡೆಯ ನಡುವೆ ಕಾಂಕ್ರೀಟಿನ ಲಿಂಟಲ್ ಹೋಗಿರುತ್ತದೆ, ಕಲ್ಲುಗೋಡೆಯ ಮೇಲ್ಭಾಗ ಇಟ್ಟಿಗೆಯಲ್ಲಿ ಮುಗಿದಿರುತ್ತದೆ.

ಪೊಳ್ಳು ಬ್ಲಾಕಿನ ಮೋಸ

ಈಗ ಕಟ್ಟುವ ಹುಳುಮನೆಗಳಲ್ಲಿ ಪೊಳ್ಳು ಬ್ಲಾಕಿನದೇ ಬಹಳ. ಕೆಲಸ ಬೇಗ, ಗಾರೆ ಕಮ್ಮಿ, ಒಳಗೆ ತಂಪೂ ಇರುತ್ತದೆ. ನಾನು ಆ ಬ್ಲಾಕಿನ ವಿರೋಧಿ ಅಲ್ಲ. ಆದರೆ ಅದರ ಹೊರಚಿಪ್ಪು ಇರುವುದೇ ಒಂದು, ಒಂದೂವರೆ ಇಂಚು ದಪ್ಪ. ಹಿಂದೆ ಗಾಳಿ.

ಮೂರು ವರ್ಷದ ಹಿಂದೆ ಕನಕಪುರ ರಸ್ತೆಯಲ್ಲಿರುವ ನನ್ನ ಷಡ್ಡಕರ ಹುಳುಮನೆಯಲ್ಲಿ ಆದದ್ದು ಇದು. ವೆಲ್ಡಿಂಗ್ ಕೆಲಸದವರೊಬ್ಬರು ಗೋಡೆಗೇ ಬ್ರಾಕೆಟ್ ಹೊಡೆದು ಅಟ್ಟಣೆ ಕೂರಿಸಿ ಹೋಗಿದ್ದರು. ನೆಲ ಖಾಲಿ ಇರುತ್ತದೆ, ಗುಡಿಸಲು ಸಲೀಸು ಅಂತ ಮನೆಯವರಿಗೂ ಒಪ್ಪಿಗೆಯಾಗಿತ್ತು. ಎರಡು ಬೆಳೆ ಚೆನ್ನಾಗಿ ನಡೆಯಿತು. ಮೂರನೆಯದರಲ್ಲಿ ನಾಲ್ಕನೇ ಜ್ವರ ಎದ್ದು ಐದನೇ ದಿನ, ರಾತ್ರಿ ಸೊಪ್ಪು ಕೊಟ್ಟು ಬಂದು ಮಲಗಿದ್ದಾರೆ. ಬೆಳಗಿನ ಜಾವ ಒಂದು ಪಕ್ಕದ ಸಾಲು ಪೂರ್ತಿ ನೆಲಕ್ಕೆ ಬಂದಿದೆ. ಮೇಲಿನದು ಕೆಳಗಿನದರ ಮೇಲೆ ಬಿದ್ದು, ಹುಳು ಕಡ್ಡಿಯಡಿ ಸಿಕ್ಕಿ ನಜ್ಜುಗುಜ್ಜು. ಆ ಸಾಲಿನಲ್ಲಿ ಉಳಿದ ಹುಳು ಕಾಲು ಭಾಗವೂ ಇಲ್ಲ. ಹಣ್ಣಾಗಲು ಎರಡು ಮೂರು ದಿನ ಇತ್ತು ಅಷ್ಟೆ.

ನಾನು ಹೋಗಿ ನೋಡಿದಾಗ ಬೋಲ್ಟು ಒಂದೂ ತುಂಡಾಗಿರಲಿಲ್ಲ, ಬಗ್ಗಿಯೂ ಇರಲಿಲ್ಲ. ಬೋಲ್ಟಿನ ಸುತ್ತ ಬ್ಲಾಕಿನ ಚಿಪ್ಪು ಸಾಸರ್ ಅಗಲ ಎದ್ದು ಬಂದಿತ್ತು. ಕಾಂಕ್ರೀಟಿಗೆ ಹೊಡೆಯುವ ಅಗಲಿಸುವ ಬೋಲ್ಟನ್ನು ಪೊಳ್ಳು ಬ್ಲಾಕಿಗೆ ಹೊಡೆದಿದ್ದರು. ಅದು ಒಳಗೆ ಅಗಲವಾಗಿ, ಸುತ್ತ ಇರುವುದನ್ನು ಒತ್ತಿಯೇ ನಿಲ್ಲುವಂಥದ್ದು. ಒತ್ತಲು ಹಿಂದೆ ಏನೂ ಇಲ್ಲದಿದ್ದರೆ ಚಿಪ್ಪನ್ನು ಒಡೆಯುತ್ತದೆ. ಹ್ಯಾಮರ್ ಹಾಕಿ ಕೊರೆದಾಗಲೇ ಚಿಪ್ಪಿನ ಒಳಮುಖ ಅರ್ಧ ಉದುರಿರುತ್ತದೆ, ನಮಗೆ ಕಾಣುವುದಿಲ್ಲ.

ಭಾರದ ಲೆಕ್ಕ ಒಮ್ಮೆ ಹಾಕಿ ನೋಡಿ. 100 ಮೊಟ್ಟೆಗೆ ಸುಮಾರು 40 ಸಾವಿರ ಹುಳು. ಬಲಿತ ಹುಳು ಒಂದಕ್ಕೆ ನಾಲ್ಕು ಗ್ರಾಂ ಅಂದರೆ ಹುಳುವೇ 160 ಕಿಲೋ ಆಯಿತು. ಅದರ ಮೇಲೆ ರೆಂಬೆ ಪದ್ಧತಿಯಲ್ಲಿ ಕೊಟ್ಟ ಹಸಿ ಸೊಪ್ಪು, ತಿಂದು ಬಿಟ್ಟ ಕಡ್ಡಿ, ಹಿಕ್ಕೆ. ಇವು ಹುಳುವಿಗಿಂತ ಹೆಚ್ಚೇ ತೂಗುತ್ತವೆ. ಚಾಕಿ ತಂದು ಹರಡಿದ ದಿನ ಅಟ್ಟಣೆ ಗಟ್ಟಿಯಿದೆ ಅಂತ ಸಮಾಧಾನಪಟ್ಟರೆ ಪ್ರಯೋಜನವಿಲ್ಲ. ಭಾರವೆಲ್ಲ ಬರುವುದು ಕೊನೆಯ ವಾರದಲ್ಲಿ, ನಮ್ಮ ಖರ್ಚು, ಕೂಲಿ, ಸೊಪ್ಪು ಎಲ್ಲ ಒಳಗೆ ಹೋಗಿ ಆದ ಮೇಲೆ.

ಇನ್ನೊಂದು ಸಂಗತಿ ಬ್ರಾಕೆಟ್ಟಿನದು. ಎರಡು ಅಡಿ ಹೊರಚಾಚಿದ ಬ್ರಾಕೆಟ್ ಮೇಲೆ 40 ಕಿಲೋ ಹರಡಿದ್ದರೆ ಆ ಭಾರ ಗೋಡೆಯಿಂದ ಒಂದಡಿ ದೂರದಲ್ಲಿ ಇದ್ದ ಹಾಗೆ. ಬ್ರಾಕೆಟ್ಟಿನ ಮೇಲಿನ ಬೋಲ್ಟಿಗೂ ಕೆಳಗಿನದಕ್ಕೂ ಅರ್ಧ ಅಡಿ ಅಂತರ ಇದ್ದರೆ, ಮೇಲಿನ ಬೋಲ್ಟನ್ನು ಗೋಡೆಯಿಂದ ಹೊರಕ್ಕೆ ಕೀಳುವ ಜಗ್ಗು ಸುಮಾರು 80 ಕಿಲೋ ಆಗುತ್ತದೆ. ಅದೇ ಅಂತರವನ್ನು ಒಂದಡಿ ಮಾಡಿದರೆ 40ಕ್ಕೆ ಇಳಿಯುತ್ತದೆ. ಬ್ರಾಕೆಟ್ಟಿನ ನಿಂತ ಕಾಲು ಉದ್ದವಿರಲಿ ಅಂತ ವೆಲ್ಡರ್‌ಗೆ ಹೇಳಿ. ಒಂದಡಿ ಆಂಗಲ್ ಜಾಸ್ತಿ ಹೋದರೂ ಅದು ದಪ್ಪ ಬೋಲ್ಟಿಗಿಂತ ಒಳ್ಳೆಯ ಕೆಲಸ ಮಾಡುತ್ತದೆ.

ಪೊಳ್ಳು ಬ್ಲಾಕಿನ ಮನೆಯವರಿಗೆ ನನ್ನ ಸಲಹೆ: ಅಟ್ಟಣೆಯ ಭಾರವನ್ನು ಗೋಡೆಗೆ ಹೊರಿಸಲೇಬೇಡಿ. ಕಾಲು ನೆಲಕ್ಕೆ ಬರಲಿ, ಗೋಡೆಗೆ ಬರೀ ಅಲ್ಲಾಡದಂತೆ ಒಂದು ಕಟ್ಟು. ಷಡ್ಡಕರು ಈಗ ಹಾಗೇ ಮಾಡಿಸಿಕೊಂಡಿದ್ದಾರೆ. ಗೋಡೆಗೇ ಬೇಕೆಂದರೆ ಆರ್‌ಪಾರ್ ಬೋಲ್ಟು ಹಾಕಿ. ಒಳಗಿಂದ ಹೊರಗೆ ಪೂರ್ತಿ ತೂತು, ಎರಡೂ ಕಡೆ ನಾಲ್ಕಿಂಚು ಚೌಕದ ಪಟ್ಟಿ, ನಡುವೆ ನಟ್ಟು. ನೋಡಲು ಚೆಂದವಿಲ್ಲ, ಬೀಳುವುದಿಲ್ಲ. ಇಲ್ಲವೇ ಬೇಕಾದ ಜಾಗದ ಚಿಪ್ಪನ್ನು ಒಡೆದು, ಪೊಳ್ಳಿಗೆ ಸಿಮೆಂಟು, ಮರಳು, ಸಣ್ಣ ಜಲ್ಲಿಯ ಕಾಂಕ್ರೀಟು ಗಿಡಿದು, ನೀರುಣಿಸಿ, 28 ದಿನ ಬಿಟ್ಟು ಆಮೇಲೆ ಕೊರೆಯಿರಿ. ನಾಲ್ಕು ದಿನಕ್ಕೇ ಕೊರೆದರೆ ಹಸಿ ಕಾಂಕ್ರೀಟು ಬೋಲ್ಟಿನ ಸುತ್ತ ಬಿರುಕು ಬಿಡುತ್ತದೆ. ಬಲ್ಬಿನ ಪಟ್ಟಿ, ಉಷ್ಣಮಾಪಕ, ಪರದೆಯ ಚೌಕಟ್ಟು ಇಂಥ ಹಗುರ ಸಾಮಾನಿಗೆ ನೈಲಾನ್ ಪ್ಲಗ್ಗೇ ಸಾಕು. ಕೊರೆಯುವಾಗ ಮಾತ್ರ ಹ್ಯಾಮರ್ ಬೇಡ.

ನಮ್ಮ ಕಲ್ಲಿನ ಗುಣ

ನಮ್ಮ ಸೀಮೆಯ ಕಲ್ಲಿಗೆ ಭೂವಿಜ್ಞಾನದಲ್ಲಿ ಒಂದು ಹೆಸರೇ ಇದೆ: ಕ್ಲೋಸ್‌ಪೇಟೆ ಗ್ರಾನೈಟ್. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟನ ಹೆಸರಿನಿಂದ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಕರೆಯುತ್ತಿದ್ದರು, ಅದೇ ಹೆಸರು ಕಲ್ಲಿಗೂ ಅಂಟಿತು. ಸುಮಾರು 250 ಕೋಟಿ ವರ್ಷ ಹಳೆಯದು. ಅದರಲ್ಲಿ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳೂ ಗಾಜಿನಂಥ ಬೆಣಚುಕಲ್ಲಿನ ಕಣವೂ ಇವೆ. ಬೆಣಚು ಮಾಮೂಲಿ ಉಕ್ಕಿಗಿಂತ ಗಡಸು. ಹಾಗಾಗಿ ಕಬ್ಬಿಣ ಕೊರೆಯುವ ಬಿಟ್ಟು ಇಲ್ಲಿ ಎರಡು ನಿಮಿಷಕ್ಕೆ ನೀಲಿಯಾಗಿ ಸುಟ್ಟು ಹೋಗುತ್ತದೆ. ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಚೂರು ಬೆಸೆದ ಬಿಟ್ಟೇ ಬೇಕು.

ಮಾಗಡಿ ಕಡೆಯ ಒಬ್ಬರ ಸೈಜುಗಲ್ಲಿನ ಮನೆಯಲ್ಲಿ ಬೆಳಗಿಂದ ಮಧ್ಯಾಹ್ನದವರೆಗೆ ಸಣ್ಣ ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಒದ್ದಾಡಿ ಎರಡು ತೂತೂ ಆಗಿರಲಿಲ್ಲ. ‘ಈ ಕಲ್ಲಿಗೆ ಬೋವಿಗಳನ್ನೇ ಕರೀಬೇಕು ಬುಡಿ’ ಅಂತ ಮನೆಯ ಯಜಮಾನರು ಕೈ ಚೆಲ್ಲಿದ್ದರು. ರೋಟರಿ ಹ್ಯಾಮರ್ ಹಿಡಿದ ಮೇಲೆ ಊಟದ ಹೊತ್ತಿಗೆ ಎಂಟೂ ತೂತು ಮುಗಿದವು. ಕಲ್ಲಿನ ಮುಖ ನುಣುಪಾಗಿದ್ದರೆ ಬಿಟ್ಟು ಜಾರುತ್ತದೆ. ಚಾಣದಿಂದ ಮೊದಲು ಒಂದು ಸಣ್ಣ ಗುಳಿ ಮಾಡಿಕೊಂಡರೆ ನಿಲ್ಲುತ್ತದೆ.

ಸಿಮೆಂಟ್ ಗಾರೆಯ ಕಲ್ಲುಗೋಡೆಯಲ್ಲಿ ಸಂದಿಗೆ ಹೊಡೆಯಬೇಕೋ ಕಲ್ಲಿಗೆ ಹೊಡೆಯಬೇಕೋ ಅನ್ನೋ ಪ್ರಶ್ನೆ ಬರುತ್ತದೆ. ಹಗುರದ್ದಾದರೆ ಸಂದಿ ಸಾಕು. ಭಾರದ್ದಾದರೆ ಕಲ್ಲಿಗೇ, ಅದರ ನಡುಮಧ್ಯಕ್ಕೆ. ಮಣ್ಣುಗಾರೆ ಗೋಡೆಯಾದರೆ ಯಾವಾಗಲೂ ಕಲ್ಲಿಗೆ. ಅದೂ ಬಿಗಿಯಾಗಿ ಕೂತ ದೊಡ್ಡ ಕಲ್ಲಿಗೆ, ಸಂದಿಗೆ ತುರುಕಿದ ಚೂರುಗಲ್ಲಿಗೆ ಬೇಡ.

ಇನ್ನು ಕಲ್‌ಕೂಚದ ವಿಷಯ. ಬೇಲಿಯ ಕಂಬಕ್ಕೆ, ಗೇಟಿನ ಕಂಬಕ್ಕೆ ಅಗಲಿಸುವ ಆಂಕರ್ ಹೊಡೆದು ಕಂಬ ಸೀಳಿಸಿಕೊಂಡವರನ್ನು ನಾಲ್ಕೂ ತಾಲ್ಲೂಕಿನಲ್ಲಿ ನೋಡಿದ್ದೇನೆ. ಕಲ್ಲು ಒಡೆಯುವವರ ಕೆಲಸ ನೋಡಿದ್ದೀರಲ್ಲ? ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಒಂದೊಂದಕ್ಕೂ ಉಕ್ಕಿನ ಬೆಣೆ ಇಟ್ಟು ಸರದಿಯಲ್ಲಿ ತಟ್ಟುತ್ತಾರೆ. ಆಳೆತ್ತರದ ಬಂಡೆ ಗೆರೆ ಹಾಕಿದಂತೆ ಸೀಳುತ್ತದೆ. ಅಗಲಿಸುವ ಬೋಲ್ಟು ಮಾಡುವುದೂ ಅದೇ ಬೆಣೆಯ ಕೆಲಸ. ದೊಡ್ಡ ಕಾಂಕ್ರೀಟು ಮೈಯಲ್ಲಿ ನಡೆಯುತ್ತದೆ, ಐದಿಂಚು ಅಗಲದ ಕಂಬದಲ್ಲಿ ನಡೆಯುವುದಿಲ್ಲ. ಅಂದಾಜಿಗೆ, ಬೋಲ್ಟಿನ ದಪ್ಪದ ಹತ್ತರಷ್ಟು ದೂರ ಅಂಚಿನಿಂದ ಇರಬೇಕು. 10 ಮಿ.ಮೀ. ಬೋಲ್ಟಿಗೆ ನಾಲ್ಕಿಂಚು. ಐದಿಂಚಿನ ಕಂಬದ ನಡುಮಧ್ಯಕ್ಕೆ ಹೊಡೆದರೂ ಎರಡೂವರೆ ಇಂಚೇ ಸಿಗುವುದು.

ಕಲ್‌ಕೂಚಕ್ಕೆ ಗೇಟು ನಿಲ್ಲಿಸಲು ತೂತೇ ಬೇಡ. ಕಂಬವನ್ನು ತಬ್ಬಿ ಹಿಡಿಯುವ ಹಾಗೆ ಪಟ್ಟಿ ಕಬ್ಬಿಣದ ಕ್ಲಾಂಪು ಮಾಡಿಸಿ, ಎರಡು ಬೋಲ್ಟು ಬಿಗಿದರೆ ಆಯಿತು. ನಡುವೆ ಹಳೆ ಟ್ಯೂಬಿನ ತುಂಡು ಇಟ್ಟರೆ ಜಾರುವುದೂ ಇಲ್ಲ. ತೂತೇ ಬೇಕೆಂದರೆ ಆರ್‌ಪಾರ್ ಹೊಡೆದು ಸಡಿಲವಾಗಿ ಕೂರುವ ಬೋಲ್ಟು ಹಾಕಿ. ಕಂಬದ ಆಚೆ ಮುಖಕ್ಕೆ ಇನ್ನು ಒಂದಿಂಚು ಇರುವಾಗ ಹ್ಯಾಮರ್ ನಿಲ್ಲಿಸಿ ಆ ಕಡೆಯಿಂದ ಶುರು ಮಾಡಿ, ಇಲ್ಲವಾದರೆ ಹಿಂದಿನ ಮುಖ ತಟ್ಟೆಯಗಲ ಚಕ್ಕೆ ಏಳುತ್ತದೆ.

ಹಳೆಯವರು ಕಲ್ಲಿಗೆ ಕಬ್ಬಿಣ ಕೂರಿಸಬೇಕಾದರೆ ಸೀಸ ಕರಗಿಸಿ ಹೊಯ್ಯುತ್ತಿದ್ದರು. ಅದು ತುಂಬಿಕೊಂಡು ಹಿಡಿಯುತ್ತಿತ್ತು, ಕಲ್ಲನ್ನು ಅಗಲಿಸುತ್ತಿರಲಿಲ್ಲ. ಈಗ ಆ ಜಾಗಕ್ಕೆ ಕೆಮಿಕಲ್ ಆಂಕರ್ ಬಂದಿದೆ. ಟ್ಯೂಬಿನಲ್ಲಿ ಬರುವ ಎರಡು ಥರದ ಅಂಟು ಮೂತಿಯಲ್ಲಿ ಬೆರೆತು ತೂತಿಗೆ ಹೋಗುತ್ತದೆ, ಅದರೊಳಗೆ ಹುರಿಯಿರುವ ಸರಳು ತಿರುಗಿಸುತ್ತಾ ಇಳಿಸಬೇಕು. ಗಟ್ಟಿಯಾಗುವವರೆಗೆ ಮುಟ್ಟಬಾರದು. ಎಷ್ಟು ಹೊತ್ತು ಅನ್ನೋದು ಟ್ಯೂಬಿನ ಮೇಲೆ ಬರೆದಿರುತ್ತದೆ, ಚಳಿಗಾಲದಲ್ಲಿ ಹೆಚ್ಚು ಬೇಕು. ದುಬಾರಿಯೇ. ಆದರೆ ಅಂಚಿನ ಹತ್ತಿರ, ಕಲ್ಲಿನಲ್ಲಿ, ಜಾಲರಿ ಕೊಳವೆ ಹಾಕಿದರೆ ಪೊಳ್ಳು ಬ್ಲಾಕಿನಲ್ಲಿ ಕೂಡ, ನಂಬಬಹುದಾದ್ದು ಇದೊಂದೇ.

ಯಾವ ಡ್ರಿಲ್?

ಅಂಗಡಿಯಲ್ಲಿ ಮೂರು ಥರ ಕಾಣುತ್ತವೆ. ಬರೀ ತಿರುಗುವುದು ಮರ, ಕಬ್ಬಿಣಕ್ಕೆ. ಎರಡನೆಯದು ಇಂಪ್ಯಾಕ್ಟ್ ಡ್ರಿಲ್. ಇದರೊಳಗೆ ಹಲ್ಲಿರುವ ಎರಡು ಬಿಲ್ಲೆ ಒಂದರ ಮೇಲೊಂದು ಹತ್ತಿ ಇಳಿದು ಕುಟ್ಟುತ್ತವೆ. ಪೆಟ್ಟು ಬಹಳ, ಒಂದೊಂದು ಪೆಟ್ಟೂ ಹಗುರ, ನಾವು ಒತ್ತಿದಷ್ಟೇ ಕೆಲಸ. ಇಟ್ಟಿಗೆ, ಬ್ಲಾಕು, ಗಿಲಾವಿಗೆ ಇದು ಸಾಕು. 13 ಮಿ.ಮೀ. ಚಕ್ಕಿನದು, 600 ವ್ಯಾಟ್ ಆಸುಪಾಸಿನದು ಮನೆಗೆ ಒಂದಿದ್ದರೆ ಮರಗೆಲಸಕ್ಕೂ ಆಗುತ್ತದೆ.

ಮೂರನೆಯದು ರೋಟರಿ ಹ್ಯಾಮರ್. ಇದರಲ್ಲಿ ಗಾಳಿಯ ಒತ್ತಡದಿಂದ ಓಡುವ ಪಿಸ್ಟನ್ ಬಿಟ್ಟಿನ ಬೆನ್ನಿಗೆ ಹೊಡೆಯುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಪೆಟ್ಟು, ಒಂದೊಂದೂ ತೂಕದ ಪೆಟ್ಟು. ನಾವು ಹಿಡಿದು ನೇರ ಇಟ್ಟುಕೊಂಡರೆ ಸಾಕು, ಮೈಭಾರ ಹಾಕಿದರೆ ಕೆಲಸ ನಿಧಾನವಾಗುತ್ತದೆ. ಬಿಟ್ಟಿನ ಬುಡದಲ್ಲಿ ಗಾಡಿ ಇರುತ್ತದೆ, ಚಾವಿ ಬೇಡ, ತಳ್ಳಿ ತಿರುಗಿಸಿದರೆ ಕೂರುತ್ತದೆ. ಎಸ್‌ಡಿಎಸ್ ಅನ್ನುವುದು ಇದಕ್ಕೇ, 1975ರಲ್ಲಿ ಬಾಷ್ ಕಂಪನಿಯವರು ತಂದದ್ದು. ನಮ್ಮ ಬಿಡದಿಯಲ್ಲೂ ಆ ಕಂಪನಿಯ ವಾಹನ ಬಿಡಿಭಾಗಗಳ ಕಾರ್ಖಾನೆ ಇದೆ. ಈಗ ಎಲ್ಲ ಕಂಪನಿಗಳೂ ಅದೇ ಬುಡ ಮಾಡುತ್ತವೆ, ಹಾಗಾಗಿ ಯಾವ ಬಿಟ್ಟಾದರೂ ಯಾವ ಯಂತ್ರಕ್ಕೂ ಆಗುತ್ತದೆ. ಸಣ್ಣದಕ್ಕೆ ಎಸ್‌ಡಿಎಸ್ ಪ್ಲಸ್, ಬುಡ 10 ಮಿ.ಮೀ.; ದೊಡ್ಡದಕ್ಕೆ ಮ್ಯಾಕ್ಸ್, 18 ಮಿ.ಮೀ. ರೈತರ ಕೆಲಸಕ್ಕೆ 800 ವ್ಯಾಟ್ ಸುಮಾರಿನ, 26 ಮಿ.ಮೀ. ತನಕ ಕೊರೆಯುವ ಪ್ಲಸ್ ಸಾಕು. ಬರೀ ತಿರುಗುವುದು, ತಿರುಗಿ ಕುಟ್ಟುವುದು, ಬರೀ ಕುಟ್ಟುವುದು, ಹೀಗೆ ಮೂರೂ ಇರುವುದನ್ನು ಕೊಳ್ಳಿ. ಬರೀ ಕುಟ್ಟುವುದಿದ್ದರೆ ಚಾಣ ಹಾಕಿ ಪೈಪಿನ ಗಾಡಿ ಹೊಡೆಯಲು ಬರುತ್ತದೆ. ವರ್ಷಕ್ಕೆ ನಾಲ್ಕು ತೂತಿನವರು ಕೊಳ್ಳುವುದು ದಂಡ, ದಿನದ ಬಾಡಿಗೆಗೆ ಸಿಗುತ್ತದೆ.

ಬಿಟ್ಟಿನಲ್ಲಿ ಜಿಪುಣತನ ಬೇಡ. ತುದಿ ಸವೆದ ಬಿಟ್ಟು ತೂತನ್ನು ಸಣ್ಣದು ಮಾಡುತ್ತದೆ, ಪ್ಲಗ್ಗು ಹೋಗುವುದಿಲ್ಲ, ಸುತ್ತಿಗೆಯಿಂದ ಹೊಡೆದು ಬಾಯಿ ಹರಿಯುತ್ತೇವೆ. ಕಾಂಕ್ರೀಟು, ಕಲ್ಲಿಗೆ ನಾಲ್ಕು ಅಲಗಿನ ತುದಿ ಒಳ್ಳೆಯದು, ಕಂಬಿಗೆ ತಗುಲಿದರೂ ಸಿಕ್ಕಿಕೊಳ್ಳುವುದು ಕಮ್ಮಿ. ಕಾದ ಬಿಟ್ಟನ್ನು ನೀರಿಗೆ ಅದ್ದುವ ಚಾಳಿ ಕೆಲವರಿಗಿದೆ. ಕಾರ್ಬೈಡ್ ಬಿರುಕು ಬಿಡುತ್ತದೆ. ಹಾಗೇ ಆರಲು ಬಿಡಿ, ಅಷ್ಟರಲ್ಲಿ ಕಾಫಿ ಕುಡಿಯಬಹುದು.

ಪ್ಲಗ್ಗು, ಸ್ಕ್ರೂ, ಆಂಕರು

ಗೋಡೆಗೆ ಮರದ ತುಂಡು ಹೊಡೆದು ಅದಕ್ಕೆ ಸ್ಕ್ರೂ ಹಾಕುವುದು ಹಳೆಯ ಕ್ರಮ. ಮರ ಒಣಗಿದಂತೆ ಕುಗ್ಗಿ ಸಡಿಲವಾಗುತ್ತದೆ, ಗೆದ್ದಲೂ ಹಿಡಿಯುತ್ತದೆ. ಚನ್ನಪಟ್ಟಣದ ಒಬ್ಬ ನೆಂಟರು ಬೊಂಬೆಗೆ ಬಳಸುವ ಆಲೆ ಮರದ ಚೂರನ್ನೇ ಕಡೆಸಿ ಹೊಡೆದಿದ್ದರು. ಬೊಂಬೆಗೆ ಮೆತ್ತನೆ ಮರ ಸರಿ, ಗೋಡೆಗೆ ಅಲ್ಲ. ಲಂಡನ್ನಿನಲ್ಲಿ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರ ನೂರು ವರ್ಷಕ್ಕೂ ಹಿಂದೆ ಮರದ ಬದಲು ಸೆಣಬಿನ ನಾರಿನ ಕೊಳವೆ ಮಾಡಿದ. ಅವನ ಹೆಸರೇ ರಾವಲ್‌ಪ್ಲಗ್ ಆಗಿ, ನಮ್ಮ ಅಂಗಡಿಗಳಲ್ಲಿ ‘ರಾಯಲ್ ಪ್ಲಗ್’ ಆಗಿದೆ. ಈಗಿನ ನೈಲಾನ್ ಪ್ಲಗ್ಗು 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಮಾಡಿದ್ದು. ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ. ಬಗ್ಗಿ ವಾಪಸು ಬರುವುದು ನೈಲಾನು. ಪಟ್ಟನೆ ಮುರಿಯುವುದು ಗುಜರಿ ಪ್ಲಾಸ್ಟಿಕ್ಕು, ಪುಕ್ಕಟೆ ಕೊಟ್ಟರೂ ಬೇಡ.

6 ಮಿ.ಮೀ. ಪ್ಲಗ್ಗಿಗೆ 6ರದೇ ಬಿಟ್ಟು, 4ರಿಂದ 5 ಮಿ.ಮೀ. ಸ್ಕ್ರೂ. 8ಕ್ಕೆ ನಾಲ್ಕೂವರೆಯಿಂದ 6. 10ಕ್ಕೆ 6ರಿಂದ 8. ಸಣ್ಣ ಸ್ಕ್ರೂ ಹಾಕಿದರೆ ಪ್ಲಗ್ಗು ಅಗಲವಾಗುವುದೇ ಇಲ್ಲ. ಪ್ಲಗ್ಗು ಪೂರ್ತಿ ಗಿಲಾವು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಹಾಗಾಗಿ ಸ್ಕ್ರೂ ಉದ್ದ ಅಂದರೆ ಪ್ಲಗ್ಗಿನ ಉದ್ದ, ಗಿಲಾವಿನ ದಪ್ಪ, ಕೂರಿಸುವ ಪಟ್ಟಿಯ ದಪ್ಪ ಎಲ್ಲ ಸೇರಿ, ತುದಿ ಪ್ಲಗ್ಗಿನಿಂದ ಚೂರು ಆಚೆ ಬರುವಷ್ಟು. ತೂತು ಪ್ಲಗ್ಗಿಗಿಂತ ಒಂದು ಸೆಂಟಿಮೀಟರ್ ಆಳ ಇರಲಿ.

ಭಾರಕ್ಕೆ ಆಂಕರ್. ಪಿನ್ನು ಹೊಡೆದು ಅಗಲಿಸುವುದು, ನಟ್ಟು ಬಿಗಿದಂತೆ ತೋಳು ಅಗಲವಾಗುವುದು, ತುದಿಯಲ್ಲಿ ಬೆಣೆಯಿರುವುದು, ಒಳಗೆ ಹುರಿಯಿರುವ ಬುಲೆಟ್ಟು ಅಂತ ನಾನಾ ಥರ. ಕಾಂಕ್ರೀಟಿಗೆ ಎಲ್ಲವೂ ನಡೆಯುತ್ತವೆ. ಒಂಬತ್ತಿಂಚಿನ ಒಳ್ಳೆ ಇಟ್ಟಿಗೆ ಗೋಡೆಗೂ ಗಟ್ಟಿ ಬ್ಲಾಕಿಗೂ ನಾನು ತೋಳಿನದನ್ನೇ ಹಾಕುತ್ತೇನೆ, ಅದರ ಒತ್ತಡ ಉದ್ದಕ್ಕೆ ಹಂಚಿಕೊಳ್ಳುತ್ತದೆ. ಇಟ್ಟಿಗೆಯ ನಡುವಿಗೆ ಹೊಡೆಯಿರಿ, ಸಂದಿಗೆ ಬೇಡ. ನಟ್ಟು ಕೈಯಲ್ಲಿ ಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಎರಡು ಮೂರು ಸುತ್ತು. ಬಲ ಇದೆ ಅಂತ ತಿರುಗಿಸುತ್ತಲೇ ಹೋದರೆ ಇಟ್ಟಿಗೆ ಒಳಗೇ ಒಡೆಯುತ್ತದೆ, ಸುಮ್ಮನೆ ತಿರುಗಲು ಶುರುವಾಗುತ್ತದೆ.

ಎಲ್ಲಕ್ಕೂ ಒಂದೇ ನಿಯಮ, ತೂತಿನ ಪುಡಿ ತೆಗೆಯಿರಿ. ಬಹಳ ಜನ ಬಿಡುವುದು ಇದನ್ನೇ. ಪುಡಿಯ ಮೇಲೆ ಕೂತ ಆಂಕರ್ ಜಾರುತ್ತದೆ, ಕೆಮಿಕಲ್ ಅಂಟು ಪುಡಿಗೆ ಅಂಟುತ್ತದೆ, ಗೋಡೆಗೆ ಅಲ್ಲ. ಸೈಕಲ್ ಪಂಪಿಗೆ ಸಣ್ಣ ಕೊಳವೆ ಸಿಕ್ಕಿಸಿ ಊದಿ, ಬಾಟಲಿ ತೊಳೆಯುವ ಬ್ರಷ್ಷಿನಂಥದ್ದರಿಂದ ಉಜ್ಜಿ, ಮತ್ತೆ ಊದಿ. ಬಾಯಲ್ಲಿ ಊದಬೇಡಿ.

ದನ ಕಟ್ಟುವ ಬಳೆಗೆ ಆಂಕರ್ ನಂಬಬೇಡಿ. ಭಾರಕ್ಕಿಂತ ಜಗ್ಗಾಟ ಕೆಟ್ಟದ್ದು, ದಿನಾ ಅಲ್ಲಾಡಿಸಿ ಸಡಿಲ ಮಾಡುತ್ತದೆ. ಗೋದಲಿಯ ಕಾಂಕ್ರೀಟು ಹಾಕುವಾಗಲೇ ಬಳೆ ಹೂತುಬಿಡಿ. ರೋಟರಿ ಚಂದ್ರಿಕೆ ಸೂರಿಗೆ ನೇತು ಹಾಕುವವರಿಗೂ ಅದೇ ಮಾತು. ಹುಳು ಮೇಲೆ ಹತ್ತಿದಂತೆ ಚಂದ್ರಿಕೆ ತಾನೇ ತಿರುಗುತ್ತದೆ, ಕೊಂಡಿ ಅಲ್ಲಾಡುತ್ತಲೇ ಇರುತ್ತದೆ. ಮೌಲ್ಡ್ ಹಾಕುವ ಮುಂಚೆ ಕಂಬಿಗೆ ಕೊಂಡಿ ಕಟ್ಟಿಸಿ. ಆಮೇಲೆ ಕೊರೆಯಲು ಹೋದರೆ ಮುಕ್ಕಾಲಿಂಚಿಗೇ ಕಂಬಿ ಸಿಗುತ್ತದೆ. ಕಂಬಿಯನ್ನು ಮಾತ್ರ ಕತ್ತರಿಸಬೇಡಿ.

ಬ್ಲೀಚಿಂಗ್ ಪುಡಿ ತಿನ್ನುವ ಬೋಲ್ಟು

ಇದು ಹುಳುಮನೆಯ ವಿಶೇಷ, ಬೇರೆ ಕಡೆಯ ಮೇಸ್ತ್ರಿಗಳಿಗೆ ಗೊತ್ತಿರುವುದಿಲ್ಲ. ಪ್ರತಿ ಬೆಳೆಗೂ ನಾವು ಶೇಕಡ 2ರ ಬ್ಲೀಚಿಂಗ್ ಪುಡಿ ದ್ರಾವಣದಲ್ಲಿ ಗೋಡೆ, ಅಟ್ಟಣೆ ತೊಳೆಯುತ್ತೇವೆ. ಬೆಳೆ ನಡೆಯುವಾಗ ತೇವಾಂಶ ಶೇಕಡ 70ರ ಮೇಲೇ ಇಡುತ್ತೇವೆ. ಕ್ಲೋರಿನ್ನು, ತೇವ ಎರಡೂ ಸೇರಿದರೆ ಹೊಳೆಯುವ ತೆಳು ಸತುವಿನ ಲೇಪ ಬಲುಬೇಗ ಹೋಗುತ್ತದೆ. ಹೊರಗೆ ಕಾಣುವ ನಟ್ಟಿಗಿಂತ ಗೋಡೆಯೊಳಗಿನ ಕುತ್ತಿಗೆ ಮೊದಲು ಸವೆಯುತ್ತದೆ. ಬಿಸಿಯಲ್ಲಿ ಅದ್ದಿ ತೆಗೆದ ಮಾಸಲು ಬೂದು ಬಣ್ಣದ ದಪ್ಪ ಲೇಪದ್ದು, ಇಲ್ಲವೇ 304 ಸ್ಟೀಲಿನದು ತನ್ನಿ. ಸ್ಟೀಲಿಗೆ ಆಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಅದು 304 ಅಲ್ಲ. ಅದೂ ಕ್ಲೋರಿನ್ನಿಗೆ ಪೂರ್ತಿ ಜಗ್ಗದ್ದಲ್ಲ, ತೊಳೆದ ಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿದರೆ ಬಾಳುತ್ತದೆ. ನೈಲಾನು ಪ್ಲಗ್ಗಿಗೆ ತುಕ್ಕು ಹಿಡಿಯುವುದಿಲ್ಲ. ಬೆಳೆ ಎದ್ದ ಮೇಲೆ, ಮುಂದಿನ ಚಾಕಿ ತರುವ ಮುಂಚೆ, ಒಂದೊಂದು ಬ್ರಾಕೆಟ್ಟಿಗೂ ಒಬ್ಬ ಆಳು ಜೋತು ಬಿದ್ದು ನೋಡುವುದು ನಮ್ಮ ಮನೆಯ ಪದ್ಧತಿ.

ಪರದೆಯ ಚೌಕಟ್ಟಿನ ಮಾತೂ ಇಲ್ಲೇ ಬರಲಿ. ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಹೊಕ್ಕಿತು, ಅಂದಿನಿಂದ ಪರದೆಯಿಲ್ಲದ ಹುಳುಮನೆ ಇಲ್ಲ. ಆದರೆ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಹೊಡೆದು, ನಡುವೆ ಚೌಕಟ್ಟು ಉಬ್ಬಿ ಬೆರಳು ತೂರುವ ಸಂದಿ ಬಿಟ್ಟವರು ಎಷ್ಟೋ ಜನ. ನೊಣಕ್ಕೆ ಅಷ್ಟು ಸಾಕು. ಒಂದಡಿಗೊಂದು ಸ್ಕ್ರೂ ಹಾಕಿ, ಗೋಡೆಗೂ ಚೌಕಟ್ಟಿಗೂ ನಡುವೆ ರಬ್ಬರ್ ಪಟ್ಟಿ ಕೊಡಿ.

ಕರೆಂಟು ಮತ್ತು ಧೂಳು

ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ, ವೈರು ಅಲ್ಲೇ ಹೋಗಿರುತ್ತದೆ. ಒದ್ದೆ ನೆಲದಲ್ಲಿ, ಬರಿಗಾಲಲ್ಲಿ ಬೇಡ. ಚೌಕದೊಳಗೆ ಚೌಕ ಗುರುತಿರುವ ಯಂತ್ರಕ್ಕೆ ಎರಡು ಪದರ ರಕ್ಷಣೆ ಇರುತ್ತದೆ, ಅರ್ತ್ ಪಿನ್ನು ಇರುವುದಿಲ್ಲ. ಆ ಗುರುತಿಲ್ಲದ್ದಕ್ಕೆ ಅರ್ತ್ ಬೇಕೇ ಬೇಕು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದ ಲೈನಿನಿಂದ ತೆಗೆದುಕೊಂಡರೆ ನೆಮ್ಮದಿ. ತೋಟದ ಪಂಪ್‌ಮನೆಗೆ ಮನೆಯಿಂದ ತೆಳು ವೈರು ಎಳೆದರೆ ವೋಲ್ಟೇಜು ಬಿದ್ದು ಮೋಟಾರು ಸುಡುತ್ತದೆ. 30 ಮೀಟರು ದಾಟಿದರೆ 2.5 ಚದರ ಮಿ.ಮೀ. ವೈರು ಇರಲಿ. ಪಕ್ಕದ ಹಿಡಿ ಬಿಚ್ಚಿಟ್ಟು ಒಂದು ಕೈಯಲ್ಲಿ ಕೊರೆಯುವ ಶೂರರಿದ್ದಾರೆ. ಕಂಬಿಗೆ ಸಿಕ್ಕಿದ ಕ್ಷಣ ಯಂತ್ರ ಮಣಿಕಟ್ಟನ್ನೇ ತಿರುಚುತ್ತದೆ, ಏಣಿಯ ಮೇಲಿದ್ದರೆ ಕೆಳಗೆ ಕೆಡವುತ್ತದೆ.

ಕಲ್ಲು, ಕಾಂಕ್ರೀಟಿನ ಧೂಳಿನಲ್ಲಿ ಬೆಣಚಿನ ಕಣ ಇರುತ್ತದೆ. ಶ್ವಾಸಕೋಶಕ್ಕೆ ಹೋದದ್ದು ವಾಪಸು ಬರುವುದಿಲ್ಲ. ಕಲ್ಲು ಕ್ವಾರಿಯವರಿಗೆ ಬರುವ ಸಿಲಿಕೋಸಿಸ್ ಇದರಿಂದಲೇ, ಅದಕ್ಕೆ ಗುಣವಾಗುವ ಮದ್ದಿಲ್ಲ. ಟವೆಲ್ಲು ಸುತ್ತಿಕೊಂಡರೆ ಸಾಲದು, ಎನ್-95 ಮಾಸ್ಕು ಮತ್ತು ಕನ್ನಡಕ ಹಾಕಿ. ಹುಳು ಇರುವಾಗ ಹುಳುಮನೆಯೊಳಗೆ ಕೊರೆಯುವ ಕೆಲಸ ಇಟ್ಟುಕೊಳ್ಳಲೇಬೇಡಿ.

ಹೊಸದಾಗಿ ಕಟ್ಟುವವರಿಗೆ

ಪೊಳ್ಳು ಬ್ಲಾಕಿನಲ್ಲೇ ಕಟ್ಟಿ, ಪರವಾಗಿಲ್ಲ. ಆದರೆ ನೆಲದಿಂದ ಎರಡಡಿ, ನಾಲ್ಕಡಿ, ಆರಡಿ ಎತ್ತರದಲ್ಲಿ ಒಂದೊಂದು ವರಸೆ ಗಟ್ಟಿ ಬ್ಲಾಕು ಇಡಿಸಿ. ಕಿಟಕಿ ಬಾಗಿಲ ಅಕ್ಕಪಕ್ಕದ ಪೊಳ್ಳುಗಳಿಗೆ ಕಾಂಕ್ರೀಟು ತುಂಬಿಸಿ. ಸ್ಟಾರ್ಟರ್ ಬೋರ್ಡು ಬರುವಲ್ಲಿ ಎರಡಡಿ ಚೌಕ ಗಟ್ಟಿ ಬ್ಲಾಕಿನಲ್ಲೇ ಆಗಲಿ. ಗಿಲಾವು ಮಾಡುವ ಮುಂಚೆ ಗೋಡೆಯ ಉದ್ದಕ್ಕೂ ಟೇಪು ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ನಾಲ್ಕು ಗೋಡೆಯ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು, ವೈರಿನ ಪೈಪು ಎಲ್ಲಿ ಹೋಗಿದೆ ಅನ್ನೋದೂ ಅದರಲ್ಲಿ ಸಿಗುತ್ತದೆ.